ಪ್ರಕಾಶಕರಿಲ್ಲದೆ ಕಾದಂಬರಿ: ಸೈನ್ಸ್ ಫಿಕ್ಷನ್, ಫ್ಯಾಂಟಸಿ ಬರೆಯುವ ಸ್ವತಂತ್ರ ಲೇಖಕರ ಕಸುಬು ನಡೆಯುವುದು ಹೇಗೆ?

ಆಪಲ್ ಟಿವಿಯಲ್ಲಿ 2023ರ ಮೇ ತಿಂಗಳಲ್ಲಿ ಶುರುವಾದ 'ಸೈಲೋ' ಸರಣಿಯನ್ನು ನಮ್ಮಲ್ಲೂ ಬಹಳ ಜನ ನೋಡಿದ್ದಾರೆ. ನೆಲದಡಿಗೆ ನೂರಕ್ಕೂ ಹೆಚ್ಚು ಅಂತಸ್ತು ಇಳಿದ ಊರು, ಅದರೊಳಗೆ ಹತ್ತು ಸಾವಿರ ಜನ, ಹೊರಗೆ ಕಾಲಿಟ್ಟರೆ ಸಾವು ಅನ್ನುವ ನಂಬಿಕೆ. ಈ ಕಥೆ ಬರೆದವರು ಅಮೆರಿಕದ ಹ್ಯೂ ಹೌವಿ. 2011ರ ಜುಲೈನಲ್ಲಿ ಇದರ ಮೊದಲ ಭಾಗ 'ವೂಲ್' ಹೊರಬಂದಾಗ ಅವರ ಹಿಂದೆ ಯಾವ ಪ್ರಕಾಶನ ಸಂಸ್ಥೆಯೂ ಇರಲಿಲ್ಲ. ಪುಸ್ತಕದಂಗಡಿಯೊಂದರಲ್ಲಿ ಕೆಲಸಕ್ಕಿದ್ದ ಅವರು ಬಿಡುವಿನ ವೇಳೆಯಲ್ಲಿ ಬರೆದು, ತಾವೇ ಅಮೆಜಾನ್‌ನ ಇ-ಪುಸ್ತಕ ವೇದಿಕೆ ಕಿಂಡಲ್‌ಗೆ ಏರಿಸಿ, 99 ಸೆಂಟ್ ಬೆಲೆ ಇಟ್ಟರು. ಒಂದೇ ಸಲ ಕೂತು ಓದಿ ಮುಗಿಸಬಹುದಾದ ಸಣ್ಣ ಕಥೆ ಅದು. ಓದಿದವರು 'ಮುಂದೇನಾಯ್ತು?' ಎಂದು ದುಂಬಾಲು ಬಿದ್ದರು. ಮುಂದಿನ ಕೆಲವೇ ತಿಂಗಳಲ್ಲಿ ಇನ್ನೂ ನಾಲ್ಕು ಭಾಗ ಬರೆದು, 2012ರ ಆರಂಭದಲ್ಲಿ ಎಲ್ಲವನ್ನೂ ಸೇರಿಸಿ ಒಂದೇ ಪುಸ್ತಕ ಮಾಡಿದರು.

ಇಂಥ ಗೆಲುವು ಲಾಟರಿ ಹೊಡೆದಷ್ಟೇ ಅಪರೂಪ. ಆದರೆ ಹೌವಿ ಬಳಸಿದ ಏರ್ಪಾಡು ಎಲ್ಲರಿಗೂ ಒಂದೇ. ಕೆಲಸದ ನಡುವೆ ಕಾದಂಬರಿ ಬರೆಯುತ್ತಿರುವ ಎಷ್ಟೋ ಜನ ಈಗ ಇದರ ಬಗ್ಗೆ ಕೇಳುತ್ತಿದ್ದಾರೆ. ಅದು ಹೇಗೆ ನಡೆಯುತ್ತದೆ ಅನ್ನುವುದನ್ನು ಬುಡದಿಂದ ನೋಡೋಣ.

ಸ್ವತಂತ್ರ ಲೇಖಕ ಅಂದರೆ ಯಾರು?

ಮೊದಲು ಮಾಮೂಲಿ ದಾರಿ. ಲೇಖಕರು ಹಸ್ತಪ್ರತಿಯನ್ನು ಪ್ರಕಾಶಕರಿಗೆ ಕೊಡುತ್ತಾರೆ. ತಿದ್ದುವುದು, ಮುಖಪುಟ ಮಾಡಿಸುವುದು, ಅಚ್ಚು, ಸಾಗಾಟ, ಮಾರಾಟ ಎಲ್ಲವೂ ಪ್ರಕಾಶಕರ ಖರ್ಚು. ಲೇಖಕರಿಗೆ ಮಾರಾಟವಾದ ಒಂದೊಂದು ಪ್ರತಿಗೂ ಇಷ್ಟು ಎಂದು ರಾಯಲ್ಟಿ. ಅಮೆರಿಕ, ಬ್ರಿಟನ್‌ನ ದೊಡ್ಡ ಪ್ರಕಾಶಕರು ಮುಂಗಡವನ್ನೂ ಕೊಡುತ್ತಾರೆ, ಆದರೆ ನೇರವಾಗಿ ಹಸ್ತಪ್ರತಿ ತೆಗೆದುಕೊಳ್ಳುವುದು ಕಡಿಮೆ. ನಡುವೆ ಏಜೆಂಟ್ ಇರಬೇಕು. ಏಜೆಂಟ್ ಕಮಿಷನ್ ಸಾಮಾನ್ಯವಾಗಿ ಲೇಖಕರ ಗಳಿಕೆಯ ಶೇ. 15.

ಸ್ವತಂತ್ರ ಲೇಖಕರು ಇದಿಷ್ಟನ್ನೂ ತಲೆ ಮೇಲೆ ಹಾಕಿಕೊಳ್ಳುತ್ತಾರೆ. ಟೊಮೆಟೊ ಬೆಳೆದ ರೈತ ಮಂಡಿಗೆ ಹಾಕುವ ಬದಲು ತಾನೇ ಸಂತೆಯಲ್ಲಿ ಕೂತು ಮಾರಿದ ಹಾಗೆ. ಗಾಡಿ ಬಾಡಿಗೆ ಅವನದು, ತಕ್ಕಡಿ ಅವನದು, ಬೆಲೆ ಹೇಳುವ ಅಧಿಕಾರವೂ ಅವನದು. ಸಂಜೆಗೆ ಉಳಿದ ಮಾಲೂ ಅವನದೇ.

ಇಲ್ಲೊಂದು ಗೊಂದಲ ತುಂಬ ಜನರಿಗೆ ಆಗುತ್ತದೆ. 'ಇಷ್ಟು ಲಕ್ಷ ಕೊಡಿ, ನಿಮ್ಮ ಪುಸ್ತಕ ಪ್ರಕಟಿಸುತ್ತೇವೆ' ಎನ್ನುವ ಕಂಪನಿಗಳಿವೆಯಲ್ಲ, ಅದು ಬೇರೆ ವ್ಯವಹಾರ. ಅವರ ಲಾಭ ಓದುಗರಿಂದ ಬರುವುದಿಲ್ಲ, ಲೇಖಕರ ಜೇಬಿನಿಂದಲೇ ಬಂದುಬಿಡುತ್ತದೆ. ಪುಸ್ತಕ ಮಾರಾಟವಾಗದಿದ್ದರೂ ಅವರಿಗೆ ನಷ್ಟವಿಲ್ಲ. ಸ್ವತಂತ್ರ ಲೇಖಕರೂ ದುಡ್ಡು ಖರ್ಚು ಮಾಡುತ್ತಾರೆ ನಿಜ. ಆದರೆ ಸಂಪಾದಕರಿಗೆ, ಚಿತ್ರಕಾರರಿಗೆ ಕೆಲಸಕ್ಕೆ ತಕ್ಕ ಕೂಲಿ ಕೊಟ್ಟು, ಹಕ್ಕು ಪೂರ್ತಿ ತಮ್ಮಲ್ಲೇ ಇಟ್ಟುಕೊಳ್ಳುತ್ತಾರೆ. ಇಂಥ ಮೋಸಗಳ ಬಗ್ಗೆ ಎಚ್ಚರಿಸಲೆಂದೇ ಅಮೆರಿಕದ ಸೈನ್ಸ್ ಫಿಕ್ಷನ್ ಮತ್ತು ಫ್ಯಾಂಟಸಿ ಲೇಖಕರ ಸಂಘದ ಆಶ್ರಯದಲ್ಲಿ 'ರೈಟರ್ ಬಿವೇರ್' 1998ರಿಂದ ಕೆಲಸ ಮಾಡುತ್ತಿದೆ. ಯಾರಿಗಾದರೂ ಹಣ ಕಟ್ಟುವ ಮುಂಚೆ ಅದರ ಜಾಲತಾಣದಲ್ಲಿ ಒಮ್ಮೆ ಹುಡುಕಿ ನೋಡುವುದು ಒಳ್ಳೆಯದು.

ಒಂದು ಪ್ರತಿ ಮಾರಿದರೆ ಕೈಗೆ ಎಷ್ಟು?

2007ರ ನವೆಂಬರ್‌ನಲ್ಲಿ ಕಿಂಡಲ್ ಬಂದಾಗ ಅದರ ಜೊತೆಗೇ ಯಾರು ಬೇಕಾದರೂ ಪುಸ್ತಕ ಏರಿಸಬಹುದಾದ ಜಾಗವನ್ನೂ ಅಮೆಜಾನ್ ತೆರೆಯಿತು. ಅದರ ಈಗಿನ ಹೆಸರು ಕಿಂಡಲ್ ಡೈರೆಕ್ಟ್ ಪಬ್ಲಿಷಿಂಗ್, ಚಿಕ್ಕದಾಗಿ ಕೆಡಿಪಿ. 2010ರ ಮಧ್ಯದಲ್ಲಿ ರಾಯಲ್ಟಿ ಶೇ. 70ಕ್ಕೆ ಏರಿದಾಗ ಆಟವೇ ಬದಲಾಯಿತು. ಷರತ್ತು ಇಷ್ಟೇ: ಇ-ಪುಸ್ತಕದ ಬೆಲೆ 2.99ರಿಂದ 9.99 ಡಾಲರ್ ಒಳಗಿರಬೇಕು. ಅದರಿಂದ ಆಚೆ ಈಚೆ ಹೋದರೆ ಶೇ. 35 ಮಾತ್ರ.

ಈಗ ಲೆಕ್ಕ ಹಾಕಿ ನೋಡಿ. 4.99 ಡಾಲರ್‌ನ ಇ-ಪುಸ್ತಕಕ್ಕೆ ಶೇ. 70 ಅಂದರೆ ಸುಮಾರು 3.49. ಫೈಲ್ ಕಳಿಸುವ ಖರ್ಚು ಅಂತ ಅಮೆಜಾನ್ ಮೆಗಾಬೈಟಿಗೆ 15 ಸೆಂಟ್ ಹಿಡಿಯುತ್ತದೆ. ಚಿತ್ರಗಳಿಲ್ಲದ ಕಾದಂಬರಿಯಾದರೆ ಉಳಿಯುವುದು ಸುಮಾರು 3.40 ಡಾಲರ್. ಅದೇ 99 ಸೆಂಟ್‌ನ ಪುಸ್ತಕಕ್ಕೆ ಸಿಗುವುದು 35 ಸೆಂಟ್. ಅಂದರೆ ಅಗ್ಗದ ಪುಸ್ತಕ ಹತ್ತು ಮಾರಿದರೆ ದುಬಾರಿಯದ್ದು ಒಂದು ಮಾರಿದ್ದಕ್ಕೆ ಸಮ. ಹೌವಿ ಇಟ್ಟ 99 ಸೆಂಟ್ ಗಳಿಕೆಗೆ ಇಟ್ಟ ಬೆಲೆಯಲ್ಲ ಅಂತ ಇದರಿಂದಲೇ ಗೊತ್ತಾಗುತ್ತದೆ. ಗುರುತಿಲ್ಲದ ಲೇಖಕರ ಪುಸ್ತಕವನ್ನು ಓದುಗರು 'ಹೋಗಲಿ, ನೋಡೋಣ' ಎಂದು ಕೊಳ್ಳುವಂತೆ ಮಾಡುವ ಬೆಲೆ ಅದು.

ದೊಡ್ಡ ಪ್ರಕಾಶಕರ ಮೂಲಕ ಹೋದರೆ? ಅಲ್ಲಿ ಇ-ಪುಸ್ತಕದ ರಾಯಲ್ಟಿ ಸಾಮಾನ್ಯವಾಗಿ ಪ್ರಕಾಶಕರ ಕೈಸೇರಿದ ಹಣದಲ್ಲಿ ಶೇ. 25. 9.99 ಡಾಲರ್ ಪುಸ್ತಕದಲ್ಲಿ ಪ್ರಕಾಶಕರಿಗೆ ಶೇ. 70 ಬಂತು ಅಂದುಕೊಂಡರೆ ಲೇಖಕರ ಪಾಲು ಸುಮಾರು 1.75 ಡಾಲರ್. ಏಜೆಂಟ್ ಕಮಿಷನ್ ಕಳೆದರೆ ಒಂದೂವರೆ. ಸ್ವತಂತ್ರ ಲೇಖಕರು ಅರ್ಧ ಬೆಲೆಗೆ ಮಾರಿ ಅದರ ಎರಡರಷ್ಟು ಪಡೆಯುತ್ತಾರೆ.

ಇಷ್ಟು ಕೇಳಿದ ಕೂಡಲೇ ಆಸೆ ಹುಟ್ಟುತ್ತದೆ, ಅಲ್ವಾ? ಆದರೆ ಖರ್ಚಿನ ಕಡೆ ನೋಡಬೇಕು. ಇಂಗ್ಲಿಷಿನಲ್ಲಿ ಸಂಪಾದಕರು ಪದಕ್ಕೆ ಇಷ್ಟು ಸೆಂಟ್ ಎಂದು ಹೇಳುತ್ತಾರೆ. ಪದಕ್ಕೆ 2 ಸೆಂಟ್ ಅಂದುಕೊಂಡರೂ 1,00,000 ಪದದ ಕಾದಂಬರಿಗೆ 2,000 ಡಾಲರ್. ಅದೊಂದನ್ನೇ ವಾಪಸ್ ಪಡೆಯಲು 4.99ರ ಪುಸ್ತಕ 590 ಪ್ರತಿಯಷ್ಟು ಹೋಗಬೇಕು. ಮುಖಪುಟ, ಜಾಹೀರಾತು ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಮುಂಗಡವೂ ಇಲ್ಲ. ಅದಕ್ಕೇ ಬಹುಪಾಲು ಸ್ವತಂತ್ರ ಲೇಖಕರು ಇನ್ನೊಂದು ಕೆಲಸವನ್ನು ಬಿಡುವುದಿಲ್ಲ.

ದಪ್ಪ ಪುಸ್ತಕ, ಉದ್ದ ಸರಣಿ

ಫ್ಯಾಂಟಸಿ, ಅಂದರೆ ಮಾಯಾಲೋಕದ ಕಥೆಗಳು ಯಾಕೆ ಇಷ್ಟು ದಪ್ಪ, ಯಾಕೆ ಹತ್ತು ಹತ್ತು ಭಾಗ ಬರುತ್ತವೆ ಎಂದು ಕೇಳುವವರಿದ್ದಾರೆ. ಕಥೆಯ ಸ್ವಭಾವ ಒಂದು ಕಾರಣ. ಹೊಸ ಲೋಕದ ನದಿ, ರಾಜ್ಯ, ದೇವರು, ಭಾಷೆ ಎಲ್ಲ ಕಟ್ಟಲು ಪುಟ ಬೇಕು. ಆದರೆ ಹಣದ ವ್ಯವಸ್ಥೆಯೂ ಅದಕ್ಕೆ ನೀರೆರೆಯುತ್ತದೆ.

2014ರಲ್ಲಿ ಅಮೆಜಾನ್ 'ಕಿಂಡಲ್ ಅನ್‌ಲಿಮಿಟೆಡ್' ಶುರು ಮಾಡಿತು. ಓದುಗರು ತಿಂಗಳಿಗೆ ಇಷ್ಟು ಎಂದು ಚಂದಾ ಕಟ್ಟಿದರೆ ಆ ಯೋಜನೆಯಲ್ಲಿರುವ ಪುಸ್ತಕ ಎಷ್ಟು ಬೇಕಾದರೂ ಓದಬಹುದು. ಮೊದಲು, ಯಾರಾದರೂ ಪುಸ್ತಕದ ಶೇ. 10ರಷ್ಟು ಓದಿದರೆ ಲೇಖಕರಿಗೆ ಒಂದು ಮೊತ್ತ ಸಿಗುತ್ತಿತ್ತು. ಇಪ್ಪತ್ತು ಪುಟದ ಕಥೆಗೂ ಅಷ್ಟೇ, ಆರುನೂರು ಪುಟದ ಕಾದಂಬರಿಗೂ ಅಷ್ಟೇ. ಹಾಗಾಗಿ ಚೂರು ಚೂರು ಪುಸ್ತಕ ಹಾಕುವುದು ಲಾಭವಾಯಿತು. 2015ರ ಜುಲೈನಿಂದ ನಿಯಮ ಬದಲಾಗಿ ಓದಿದ ಪುಟಕ್ಕೆ ಇಷ್ಟು ಎಂದಾಯಿತು. ಅಕ್ಷರ ದೊಡ್ಡದು ಮಾಡಿ ಪುಟ ಹಿಗ್ಗಿಸಲು ಆಗದಂತೆ ಎಲ್ಲ ಪುಸ್ತಕಕ್ಕೂ ಒಂದೇ ಅಳತೆಯ 'ಪುಟ'ವನ್ನು ಅಮೆಜಾನೇ ಲೆಕ್ಕ ಹಾಕುತ್ತದೆ. ದರ ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ, ಅರ್ಧ ಸೆಂಟಿಗಿಂತ ಕಡಿಮೆಯೇ. 400 ಪುಟ ಪೂರ್ತಿ ಓದಿದರೆ ಎರಡು ಡಾಲರ್‌ಗಿಂತ ತುಸು ಕಡಿಮೆ ಬರುತ್ತದೆ.

ಈ ಲೆಕ್ಕದಲ್ಲಿ ಬೆಳಗಿನ ಜಾವದವರೆಗೂ ಪುಟ ತಿರುಗಿಸುವ ಫ್ಯಾಂಟಸಿ ಓದುಗರೇ ಲೇಖಕರ ಬಲ. ಮೊದಲ ಭಾಗ ಓದಿದ 1,000 ಜನರಲ್ಲಿ 500 ಮಂದಿ ಎರಡನೆಯದಕ್ಕೆ, ಅವರಲ್ಲಿ 400 ಮಂದಿ ಮೂರನೆಯದಕ್ಕೆ ಹೋದರು ಅಂದುಕೊಳ್ಳಿ. ಮೊದಲ ಭಾಗವನ್ನು ನಷ್ಟಕ್ಕೆ ಮಾರಿದರೂ ಸರಣಿ ಲಾಭ ತರುತ್ತದೆ. ಸ್ವತಂತ್ರ ಲೇಖಕರು ಒಂಟಿ ಕಾದಂಬರಿ ಬರೆಯಲು ಹಿಂಜರಿಯುವುದು ಇದೇ ಕಾರಣಕ್ಕೆ.

ಒಂದು ಕಟ್ಟುಪಾಡಿದೆ. ಈ ಚಂದಾ ಯೋಜನೆಗೆ ಸೇರಿದ ಇ-ಪುಸ್ತಕವನ್ನು 90 ದಿನ ಬೇರೆಲ್ಲೂ ಮಾರುವಂತಿಲ್ಲ. ಅವಧಿ ಮುಗಿದ ಮೇಲೆ ಮುಂದುವರಿಯಬಹುದು, ಹೊರಬರಬಹುದು. ಒಂದೇ ಅಂಗಡಿಯನ್ನು ನೆಚ್ಚಿಕೊಳ್ಳುವುದಾ, ಎಲ್ಲ ಅಂಗಡಿಗೂ ಹಾಕುವುದಾ ಅನ್ನುವುದು ಇವರಲ್ಲಿ ಮುಗಿಯದ ಚರ್ಚೆ.

ಬರೆಯುವ ಮೇಜಿನ ಮೇಲೆ

ಹಣದ ಮಾತು ಕೇಳಿದವರಿಗೆ ಇದೆಲ್ಲ ವ್ಯಾಪಾರ ಅನ್ನಿಸಬಹುದು. ದಿನದ ದೊಡ್ಡ ಪಾಲು ಹೋಗುವುದು ಬರೆಯುವುದಕ್ಕೇ. ಅದರಲ್ಲೂ ಈ ಬಗೆಯ ಕಾದಂಬರಿಗೆ ಬೇರೆ ಕಾದಂಬರಿಗಿಲ್ಲದ ಒಂದು ಕಷ್ಟವಿದೆ. ಧಾರವಾಡದಲ್ಲಿ ನಡೆಯುವ ಕಥೆಗೆ ಮಳೆ ಯಾವಾಗ ಬರುತ್ತದೆ ಎಂದು ಕಟ್ಟಿ ನಿಲ್ಲಿಸಬೇಕಿಲ್ಲ. ಕಲ್ಪಿಸಿದ ಲೋಕದಲ್ಲಿ ಅದನ್ನೂ ಲೇಖಕರೇ ಠರಾಯಿಸಬೇಕು, ಠರಾಯಿಸಿದ್ದನ್ನು ಮರೆಯಬಾರದು.

ಅದಕ್ಕಾಗಿ ಅವರು ಒಂದು ಟಿಪ್ಪಣಿ ಪುಸ್ತಕ ಇಡುತ್ತಾರೆ. ಇಂಗ್ಲಿಷ್ ಲೇಖಕರು ಇದನ್ನು 'ಸೀರೀಸ್ ಬೈಬಲ್' ಅನ್ನುತ್ತಾರೆ. ಅದು ಯಾಕೆ ಬೇಕು ಅನ್ನುವುದಕ್ಕೆ ಒಂದು ಉದಾಹರಣೆ ಕಟ್ಟಿ ನೋಡೋಣ. ಎರಡು ಚಂದ್ರರಿರುವ ಲೋಕ. ದೊಡ್ಡ ಚಂದ್ರನಿಗೆ 20 ದಿನಕ್ಕೊಮ್ಮೆ ಹುಣ್ಣಿಮೆ. ಮೂರನೇ ಅಧ್ಯಾಯದಲ್ಲಿ ಹುಣ್ಣಿಮೆಯ ರಾತ್ರಿ ಕೊಲೆಯಾಗುತ್ತದೆ. ನಾಯಕಿ ಗಾಯಗೊಂಡು, ಹಳ್ಳಿಯೊಂದರಲ್ಲಿ ವಾರ ಮಲಗಿ, ಆಮೇಲೆ ಕುದುರೆ ಏರಿ 900 ಕಿಲೋಮೀಟರ್ ದೂರದ ರಾಜಧಾನಿ ಸೇರಬೇಕು. ಒಂಬತ್ತನೇ ಅಧ್ಯಾಯದಲ್ಲಿ ಮುಂದಿನ ಹುಣ್ಣಿಮೆಗೆ ಪಟ್ಟಾಭಿಷೇಕ. ಕುದುರೆ ದಿನಕ್ಕೆ 45 ಕಿಲೋಮೀಟರ್ ನಡೆದರೆ ದಾರಿಗೇ 20 ದಿನ ಹೋಯಿತು. ಹಳ್ಳಿಯಲ್ಲಿ ಮಲಗಿದ ಆ ಒಂದು ವಾರ ಎಲ್ಲಿಂದ ಬಂತು? ಈಗ ಚಂದ್ರನ ಲೆಕ್ಕ ಬದಲಿಸಬೇಕು, ಇಲ್ಲವೇ ರಾಜಧಾನಿಯನ್ನು ಹತ್ತಿರ ತರಬೇಕು, ಇಲ್ಲವೇ ಅವಳ ಗಾಯ ಸಣ್ಣದಾಗಬೇಕು. ಮೊದಲ ಭಾಗ ಆಗಲೇ ಮಾರಾಟವಾಗಿದ್ದರೆ ಚಂದ್ರನನ್ನು ಮುಟ್ಟುವಂತಿಲ್ಲ. ಈ ಓದುಗರು ಸುಮ್ನೆ ಬಿಡುವವರಲ್ಲ, ನಕಾಶೆ ಮೇಲೆ ಅಳತೆಪಟ್ಟಿ ಇಟ್ಟು ನೋಡುತ್ತಾರೆ.

ಪ್ರಕಾಶನ ಸಂಸ್ಥೆಯಲ್ಲಿ ಇಂಥ ತಪ್ಪು ಹಿಡಿಯಲು ಸಂಬಳದ ಜನ ಇರುತ್ತಾರೆ. ಸ್ವತಂತ್ರ ಲೇಖಕರಿಗೆ ಮೊದಲ ಜರಡಿ 'ಬೀಟಾ ಓದುಗರು'. ಕರಡು ಓದಿ, ಎಲ್ಲಿ ಬೇಜಾರಾಯಿತು, ಎಲ್ಲಿ ಅರ್ಥವಾಗಲಿಲ್ಲ ಎಂದು ಹೇಳುವ ಸ್ನೇಹಿತರು, ಅಭಿಮಾನಿಗಳು. ಅವರಾದ ಮೇಲೆ ಸಂಪಾದಕರು. ಮೊದಲ ಸುತ್ತಿನಲ್ಲಿ ಕಥೆಯ ಕಟ್ಟು, ಪಾತ್ರ, ಓಟ ನೋಡುತ್ತಾರೆ. ಎರಡನೇ ಸುತ್ತಿನಲ್ಲಿ ವಾಕ್ಯ, ವ್ಯಾಕರಣ, ಹೊಂದಾಣಿಕೆ. ಕೊನೆಗೆ ಅಚ್ಚಿನ ತಪ್ಪು ತಿದ್ದುವುದು. ಮೂರಕ್ಕೂ ದುಡ್ಡಿಲ್ಲದವರು ಒಂದನ್ನು ಆರಿಸಿಕೊಳ್ಳುತ್ತಾರೆ. ನನ್ನ ಕೇಳಿದರೆ ಮೊದಲನೆಯದನ್ನು ಬಿಡಬಾರದು. ಕಾಗುಣಿತ ತಪ್ಪನ್ನು ಓದುಗರು ಕ್ಷಮಿಸಿಯಾರು, ನಡುವೆ ಕುಸಿದ ಕಥೆಯನ್ನು ಕ್ಷಮಿಸುವುದಿಲ್ಲ.

'ದಿ ಮಾರ್ಷಿಯನ್' ಬರೆದ ಆಂಡಿ ವಿಯರ್ ವಿಷಯದಲ್ಲಿ ಈ ಕೆಲಸವನ್ನು ಓದುಗರೇ ಮಾಡಿಕೊಟ್ಟರು. ಮಂಗಳ ಗ್ರಹದಲ್ಲಿ ಒಂಟಿಯಾಗಿ ಸಿಕ್ಕಿಬಿದ್ದ ಗಗನಯಾತ್ರಿಯ ಕಥೆಯನ್ನು ಅವರು ಅಧ್ಯಾಯ ಅಧ್ಯಾಯವಾಗಿ ಪುಕ್ಕಟೆ ಓದಲು ಕೊಡುತ್ತಿದ್ದರು. ವಿಜ್ಞಾನ ಬಲ್ಲವರು ತಪ್ಪು ತೋರಿಸಿ ಬರೆಯುತ್ತಿದ್ದರು, ಅವರು ತಿದ್ದುತ್ತಿದ್ದರು. ಓದುಗರು ಕೇಳಿದರು ಅಂತಲೇ 2011ರಲ್ಲಿ ಅದನ್ನು ಕಿಂಡಲ್‌ಗೆ ಹಾಕಿದ್ದು.

ಓದುಗರು ಸಿಗುವುದು ಎಲ್ಲಿ?

ಪುಸ್ತಕ ಏರಿಸಲು ಅರ್ಧ ಗಂಟೆ ಸಾಕು. ಅದು ಇದೆ ಎಂದು ನಾಲ್ಕು ಜನಕ್ಕೆ ತಿಳಿಸುವುದೇ ಕಷ್ಟ. ಮೊದಲ ಆಸರೆ ಮುಖಪುಟ. ಅಂತರಿಕ್ಷ ನೌಕೆ, ಡ್ರ್ಯಾಗನ್, ಕತ್ತಿ ಹಿಡಿದು ಬೆನ್ನು ತೋರಿಸಿ ನಿಂತ ಆಳು, ಇವೆಲ್ಲ ಓದುಗರಿಗೆ 'ಇದು ನಿನ್ನ ಬಗೆಯ ಪುಸ್ತಕ' ಎಂದು ಹೇಳುವ ಗುರುತುಗಳು. ಮೊಬೈಲ್ ಪರದೆಯಲ್ಲಿ ಚಿಕ್ಕದಾಗಿ ಕಂಡಾಗಲೂ ಆ ಗುರುತು ತಿಳಿಯಬೇಕು. ಎರಡನೆಯದು, ಓದುಗರ ಇಮೇಲ್ ಪಟ್ಟಿ. ಅಂಗಡಿಯ ನಿಯಮ ಬದಲಾದರೂ ಈ ಪಟ್ಟಿ ಲೇಖಕರ ಹತ್ತಿರವೇ ಉಳಿಯುತ್ತದೆ.

ಸ್ಪರ್ಧೆಗಳೂ ಇವೆ. ಫ್ಯಾಂಟಸಿ ಲೇಖಕ ಮಾರ್ಕ್ ಲಾರೆನ್ಸ್ 2015ರಲ್ಲಿ ಸ್ವಂತ ಪ್ರಕಟಣೆಯ ಫ್ಯಾಂಟಸಿ ಕಾದಂಬರಿಗಳಿಗಾಗಿ ಒಂದು ಸ್ಪರ್ಧೆ ಶುರು ಮಾಡಿದರು. 300 ಪುಸ್ತಕ, ಹತ್ತು ವಿಮರ್ಶಕ ತಂಡ. ಒಂದೊಂದು ತಂಡ ತನಗೆ ಬಂದ 30ರಲ್ಲಿ ಒಂದನ್ನು ಆರಿಸುತ್ತದೆ, ಆಯ್ಕೆಯಾದ ಹತ್ತನ್ನು ಎಲ್ಲ ತಂಡಗಳೂ ಓದಿ ಅಂಕ ಕೊಡುತ್ತವೆ. ನಗದು ಬಹುಮಾನ ಇಲ್ಲ. ಆದರೂ ಎರಡನೇ ವರ್ಷ ಗೆದ್ದ ಜೊನಾಥನ್ ಫ್ರೆಂಚ್ ಅವರ ಕಾದಂಬರಿಯನ್ನು ದೊಡ್ಡ ಪ್ರಕಾಶನ ಸಂಸ್ಥೆ ಕೊಂಡಿತು. ಸೈನ್ಸ್ ಫಿಕ್ಷನ್‌ಗೆ ಇಂಥದೇ ಸ್ಪರ್ಧೆಯನ್ನು ಹೌವಿ 2021ರಲ್ಲಿ ಶುರು ಮಾಡಿದರು.

ಇನ್ನು ಕೆಲವರು ಪುಸ್ತಕ ಹೊರಬರುವ ಮೊದಲೇ ಓದುಗರಿಂದ ಹಣ ಕೂಡಿಸುತ್ತಾರೆ. ಬೆಕಿ ಚೇಂಬರ್ಸ್ ತಮ್ಮ ಮೊದಲ ಕಾದಂಬರಿ ಮುಗಿಸಲು 2012ರಲ್ಲಿ ಜನರಿಂದ ಹಣ ಕೂಡಿಸುವ ಜಾಲತಾಣ ಕಿಕ್‌ಸ್ಟಾರ್ಟರ್ ಮೂಲಕ ಸಣ್ಣ ಮೊತ್ತ ಕೇಳಿದರು. 2014ರಲ್ಲಿ ತಾವೇ ಪ್ರಕಟಿಸಿದರು. ಮುಂದೆ ಪ್ರಕಾಶಕರು ಸಿಕ್ಕರು, ಅದರಿಂದ ಶುರುವಾದ ಸರಣಿಗೆ 2019ರಲ್ಲಿ ಸೈನ್ಸ್ ಫಿಕ್ಷನ್, ಫ್ಯಾಂಟಸಿಗೆ ಕೊಡುವ ಹ್ಯೂಗೋ ಪ್ರಶಸ್ತಿ ಬಂತು. ಇನ್ನೊಂದು ತುದಿಯಲ್ಲಿ ಬ್ರ್ಯಾಂಡನ್ ಸ್ಯಾಂಡರ್ಸನ್. 2022ರ ಮಾರ್ಚ್‌ನಲ್ಲಿ ನಾಲ್ಕು ಕಾದಂಬರಿಗಾಗಿ ಅವರು ಕೂಡಿಸಿದ್ದು 4.1 ಕೋಟಿ ಡಾಲರ್‌ಗೂ ಹೆಚ್ಚು. ಆದರೆ ಅಷ್ಟು ಹೊತ್ತಿಗೆ ಅವರು ದೊಡ್ಡ ಪ್ರಕಾಶಕರ ಮೂಲಕ ಹೆಸರು ಮಾಡಿ ಹದಿನೈದು ವರ್ಷ ದಾಟಿತ್ತು. ಆ ಅಂಕಿಯನ್ನು ಹೊಸಬರು ಅಳತೆಗೋಲು ಮಾಡಿಕೊಳ್ಳಬಾರದು.

ಹಕ್ಕು ಒಂದಲ್ಲ, ಹಲವು

ಈ ಕಸುಬಿನಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ತಿಳಿಯಬೇಕಾದದ್ದು ಇದು. ಒಂದು ಕಾದಂಬರಿಯ ಹಕ್ಕು ಅಂದರೆ ಅಚ್ಚಿನ ಹಕ್ಕು, ಇ-ಪುಸ್ತಕದ ಹಕ್ಕು, ಆಡಿಯೋ, ಅನುವಾದ, ಸಿನಿಮಾ ಎಲ್ಲ ಬೇರೆ ಬೇರೆ. ಒಂದನ್ನು ಕೊಟ್ಟು ಇನ್ನೊಂದನ್ನು ಇಟ್ಟುಕೊಳ್ಳಬಹುದು.

ಹೌವಿ ಮಾಡಿದ್ದು ಅದನ್ನೇ. ದೊಡ್ಡ ಪ್ರಕಾಶಕರು ಎಲ್ಲ ಹಕ್ಕೂ ಸೇರಿ ಹತ್ತು ಲಕ್ಷ ಡಾಲರ್‌ಗೂ ಮೇಲೆ ಕೊಡಲು ಬಂದಾಗ ಒಲ್ಲೆ ಅಂದರು. 2012ರ ಕೊನೆಯಲ್ಲಿ ಸೈಮನ್ ಅಂಡ್ ಶುಸ್ಟರ್ ಸಂಸ್ಥೆಗೆ ಅಮೆರಿಕದ ಅಚ್ಚಿನ ಹಕ್ಕು ಮಾತ್ರ ಕೊಟ್ಟು, ಅದಕ್ಕಿಂತ ಕಡಿಮೆ ಮೊತ್ತ ತೆಗೆದುಕೊಂಡರು. ಇ-ಪುಸ್ತಕದ ಗಳಿಕೆ ಅವರ ಬಳಿಯೇ ಉಳಿಯಿತು. ಆಗ ಅದು ಹೊಸ ಮಾತು. ವಿಯರ್ ಬೇರೆ ದಾರಿ ಹಿಡಿದರು. 2013ರಲ್ಲಿ ಪ್ರಕಾಶಕರಿಗೆ ಇ-ಪುಸ್ತಕವನ್ನೂ ಸೇರಿಸಿ ಒಪ್ಪಿಸಿ, ಕಿಂಡಲ್‌ನ ತಮ್ಮ ಆವೃತ್ತಿ ಹಿಂತೆಗೆದರು. 2015ರಲ್ಲಿ ಸಿನಿಮಾ ಬಂತು. ಇಬ್ಬರಿಗೂ ಒಳ್ಳೆಯದೇ ಆಯಿತು. ಕಸುಬು ಕೈಯಲ್ಲಿಟ್ಟುಕೊಳ್ಳಬೇಕು ಅನ್ನುವವರಿಗೆ ಮಾದರಿಯಾದದ್ದು ಹೌವಿಯ ಕರಾರು. ಮ್ಯಾಟ್ ಡಿನಿಮನ್ ಧಾರಾವಾಹಿಯಾಗಿ ಬರೆದು 2020ರಲ್ಲಿ ತಾವೇ ಪ್ರಕಟಿಸಿದ ಫ್ಯಾಂಟಸಿ ಸರಣಿಯನ್ನು 2024ರಿಂದ ದೊಡ್ಡ ಸಂಸ್ಥೆ ಅಚ್ಚು ಹಾಕುತ್ತಿದೆ. ಇ-ಪುಸ್ತಕ ಅವರದೇ.

ಎಐ ಬಂದ ಮೇಲೆ

2023ರ ಫೆಬ್ರವರಿಯಲ್ಲಿ ಅಮೆರಿಕದ ಸೈನ್ಸ್ ಫಿಕ್ಷನ್ ಪತ್ರಿಕೆ 'ಕ್ಲಾರ್ಕ್ಸ್‌ವರ್ಲ್ಡ್' ಕೆಲಕಾಲ ಕಥೆ ತೆಗೆದುಕೊಳ್ಳುವುದನ್ನೇ ನಿಲ್ಲಿಸಬೇಕಾಯಿತು. ಯಂತ್ರದಿಂದ ಬರೆಸಿದ ಕಥೆಗಳು ರಾಶಿ ಬಿದ್ದು ನಿಜವಾದ ಕಥೆ ಹುಡುಕುವುದೇ ಕಷ್ಟವಾಗಿತ್ತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಕೆಡಿಪಿ ಎರಡು ನಿಯಮ ತಂದಿತು. ಪಠ್ಯ, ಚಿತ್ರ, ಅನುವಾದ ಎಐ ತಯಾರಿಸಿದ್ದಾದರೆ ಅಮೆಜಾನ್‌ಗೆ ತಿಳಿಸಬೇಕು. ಒಂದು ಖಾತೆಯಿಂದ ದಿನಕ್ಕೆ ಮೂರಕ್ಕಿಂತ ಜಾಸ್ತಿ ಹೊಸ ಪುಸ್ತಕ ಏರಿಸುವಂತಿಲ್ಲ. ದಿನಕ್ಕೆ ಮೂರು! ಎರಡು ವರ್ಷ ಕೂತು ಒಂದು ಕಾದಂಬರಿ ಬರೆಯುವವರು ಎಂಥ ರಾಶಿಯ ನಡುವೆ ಎದ್ದು ಕಾಣಬೇಕು ಅನ್ನುವುದಕ್ಕೆ ಆ ಮಿತಿಯೇ ಸಾಕ್ಷಿ.

ಇಲ್ಲಿಂದ ಬರೆಯುವವರಿಗೆ

ಇಂಗ್ಲಿಷಿನಲ್ಲಿ ಬರೆಯುವ ಭಾರತೀಯರಿಗೂ ಕೆಡಿಪಿ ತೆರೆದಿದೆ. ಖಾತೆ ತೆರೆಯುವಾಗಲೇ ತೆರಿಗೆಯ ಪ್ರಶ್ನೆಗಳು ಬರುತ್ತವೆ. ಅಮೆರಿಕದ ಮಾರಾಟದ ರಾಯಲ್ಟಿಯಲ್ಲಿ ಅಲ್ಲಿನ ಸರ್ಕಾರ ಮಾಮೂಲಾಗಿ ಶೇ. 30 ಹಿಡಿಯುತ್ತದೆ. ನಿಮ್ಮ ಪ್ಯಾನ್ ಸಂಖ್ಯೆ ಕೊಟ್ಟು ಭಾರತ-ಅಮೆರಿಕ ತೆರಿಗೆ ಒಪ್ಪಂದದ ಲಾಭ ಕೇಳಿದರೆ ಅದು ಶೇ. 15ಕ್ಕೆ ಇಳಿಯುತ್ತದೆ. ಅಮೆಜಾನ್‌ನ ಭಾರತದ ಅಂಗಡಿಯಲ್ಲಿ ಶೇ. 70 ರಾಯಲ್ಟಿ ಬೇಕೆಂದರೆ 90 ದಿನದ ಆ ಕಟ್ಟುಪಾಡಿಗೆ ಒಪ್ಪಲೇಬೇಕು. ಕಿಂಡಲ್ ಇ-ಪುಸ್ತಕಕ್ಕೆ ಐಎಸ್‌ಬಿಎನ್, ಅಂದರೆ ಪುಸ್ತಕದ ಗುರುತಿನ ಸಂಖ್ಯೆ ಬೇಕಿಲ್ಲ. ಅಚ್ಚಿನ ಪುಸ್ತಕಕ್ಕೆ ಬೇಕಾದರೆ ನಮ್ಮಲ್ಲಿ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ ಪುಕ್ಕಟೆ ಕೊಡುತ್ತದೆ. ಅಮೆರಿಕದವರು ಒಂದಕ್ಕೆ 125 ಡಾಲರ್ ತೆರುತ್ತಾರೆ.

ಕನ್ನಡದಲ್ಲಿ ಬರೆಯುವವರ ದಾರಿ ಬೇರೆ. 2016ರ ಕೊನೆಯಲ್ಲಿ ಕಿಂಡಲ್ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಭಾಷೆಗಳನ್ನು ಸೇರಿಸಿಕೊಂಡಾಗ ಕನ್ನಡವನ್ನು ಬಿಟ್ಟಿತು. ಆ ಕೊರತೆ ನಮ್ಮ ಲೇಖಕರಿಗೆ ನಿಜಕ್ಕೂ ನಷ್ಟ ಮಾಡಿದೆ. ಇರುವ ದಾರಿಗಳು ಇವು: ಧಾರಾವಾಹಿಯಾಗಿ ಬರೆದು ಓದುಗರನ್ನು ಗಳಿಸಲು ಬೆಂಗಳೂರಿನ ಪ್ರತಿಲಿಪಿ, ಕನ್ನಡ ಇ-ಪುಸ್ತಕ ಮತ್ತು ಆಡಿಯೋ ಪುಸ್ತಕಕ್ಕೆ ಮೈಲ್ಯಾಂಗ್, ಬೇಕಾದಷ್ಟೇ ಪ್ರತಿ ಅಚ್ಚು ಹಾಕಿಸಲು ಪೋಥಿ ಡಾಟ್ ಕಾಮ್‌ನಂಥ ಸಂಸ್ಥೆಗಳು. ತಾನೇ ಪ್ರಕಟಿಸಿ ತಾನೇ ಮಾರುವುದು ಕನ್ನಡಕ್ಕೆ ಹೊಸದೇನೂ ಅಲ್ಲ. ಗಳಗನಾಥರು ತಮ್ಮ ಕಾದಂಬರಿಗಳನ್ನು ಹೊತ್ತು ಊರೂರು ತಿರುಗಿದವರು.

ಯಾವ ಭಾಷೆಯಲ್ಲಿ ಬರೆದರೂ ಕಾನೂನು ಒಂದೇ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದ ಕೂಡಲೇ ಹಕ್ಕು ಲೇಖಕರದ್ದು, ನೋಂದಣಿ ಕಡ್ಡಾಯವಲ್ಲ. ಲೇಖಕರು ಬದುಕಿರುವವರೆಗೆ, ತೀರಿಕೊಂಡ ಮೇಲೆ ಇನ್ನೂ 60 ವರ್ಷ ಅದು ಉಳಿಯುತ್ತದೆ. ಪ್ರಕಾಶಕರಿಗೆ ಹಕ್ಕು ಬರೆದುಕೊಡುವಾಗ ಕರಾರು ಬರಹದಲ್ಲೇ ಇರಬೇಕು. ಅದರಲ್ಲಿ ಅವಧಿ ನಮೂದಿಸದಿದ್ದರೆ ಐದು ವರ್ಷ ಎಂದೂ, ಯಾವ ಪ್ರದೇಶಕ್ಕೆ ಎಂದು ಹೇಳದಿದ್ದರೆ ಭಾರತಕ್ಕೆ ಮಾತ್ರ ಎಂದೂ ಕಾಯ್ದೆಯ 19ನೇ ಕಲಮು ಹೇಳುತ್ತದೆ. 'ಎಲ್ಲ ಹಕ್ಕುಗಳು, ಎಲ್ಲ ಕಾಲಕ್ಕೂ' ಎಂಬ ಸಾಲು ಕರಾರಿನಲ್ಲಿ ಕಂಡರೆ ಸಹಿ ಹಾಕುವ ಮುಂಚೆ ಇ-ಪುಸ್ತಕ, ಆಡಿಯೋ, ಅನುವಾದ, ಸಿನಿಮಾ ಒಂದೊಂದನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಸಿ, ಕೊಡುವುದಕ್ಕೆ ಮಾತ್ರ ಒಪ್ಪಿಗೆ ಹಾಕಿ.